ರಾಜಕೀಯ ಭಾಷಣದ ಕಳೆ ಇಳಿಯಿತೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತು ವರ್ಷ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ರಿಕೆಯೊಂದಕ್ಕೆ ವರದಿ ಮಾಡುತ್ತಿದ್ದೆ. ಅದರಲ್ಲಿ ಅರ್ಧ ಆಯುಷ್ಯ ಪೆಂಡಾಲಿನಡಿ, ಮುಂದಿನ ಸಾಲಿನ ತುದಿ ಕುರ್ಚಿಯಲ್ಲಿ ಕಳೆಯಿತು. ಈಗ ಕಾಲೇಜಿನವರು ಭಾಷಣ ಕಮ್ಮಟಕ್ಕೆ ಕರೆಯುತ್ತಾರೆ. ಊರು ಬದಲಾದರೂ ಹುಡುಗರು ಕೇಳುವ ಪ್ರಶ್ನೆಗಳು ಬದಲಾಗುವುದಿಲ್ಲ. ಪ್ರತಿ ಸಲ ಗಂಟಲು ನೋಯಿಸಿಕೊಳ್ಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಹಿಂದಿನಂಥ ಭಾಷಣಕಾರರು ಈಗ ಇಲ್ಲ ಅಂತಾರಲ್ಲ, ನಿಜವೇ?

ಅರ್ಧ ನಿಜ. ಮಾತು ಬಲ್ಲವರು ಈಗಲೂ ಇದ್ದಾರೆ. ಪಂಚಾಯಿತಿ ಚುನಾವಣೆಗೆ ನಿಂತವರಲ್ಲೂ ಎದುರಿಗೆ ಕೂತವರನ್ನು ಹತ್ತು ನಿಮಿಷ ಅಲ್ಲಾಡದಂತೆ ಹಿಡಿಯಬಲ್ಲವರನ್ನು ನೋಡಿದ್ದೇನೆ. ಇಲ್ಲವಾದವನು ಇನ್ನೊಬ್ಬ. ‘ಏನು ಹೇಳ್ತಾನೋ ಕೇಳೋಣ, ಆಮೇಲೆ ನೋಡೋಣ’ ಅಂದುಕೊಂಡು ಸಭೆಗೆ ಬರುತ್ತಿದ್ದ ಕೇಳುಗ.

ಈಗಿನ ಸಮಾವೇಶಕ್ಕೆ ಬರುವವರನ್ನು ಬಸ್ಸು ಮಾಡಿ ಕರೆತರುತ್ತಾರೆ. ಊಟದ ಪೊಟ್ಟಣ, ನೀರಿನ ಬಾಟಲಿ, ಪಕ್ಷದ ಶಾಲು ಎಲ್ಲ ಮೊದಲೇ ಸಿಕ್ಕಿರುತ್ತದೆ. ಅವರ ಓಟು ಬಸ್ಸು ಹತ್ತುವ ಮೊದಲೇ ತೀರ್ಮಾನವಾಗಿದೆ, ಅಥವಾ ಭಾಷಣದಿಂದ ತೀರ್ಮಾನವಾಗುವಂಥದ್ದಲ್ಲ. ಸದನದಲ್ಲಿ ಓಟು ಹಾಕುವವರ ಕೈಯನ್ನು ವಿಪ್, ಅಂದರೆ ಹೀಗೇ ಓಟು ಹಾಕಬೇಕು ಅನ್ನುವ ಪಕ್ಷದ ಅಪ್ಪಣೆ, ಕಟ್ಟಿಹಾಕಿದೆ. ಎದುರಿಗಿರುವ ಯಾರ ಮನಸ್ಸನ್ನೂ ತಿರುಗಿಸಬೇಕಿಲ್ಲದ ಕಡೆ ಮಾತು ಹೇಗೆ ಹರಿತವಾಗುತ್ತದೆ? ಸಾಣೆಕಲ್ಲು ಬೇಕಲ್ಲ.

ಕೆಳಗಿನ ಉತ್ತರಗಳನ್ನೆಲ್ಲ ಹಿಂಡಿದರೆ ಹೆಚ್ಚುಕಡಿಮೆ ಇದೇ ಬರುತ್ತದೆ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು.

ಇದು ಪ್ರತಿ ತಲೆಮಾರಿನ ಮುದುಕರೂ ಹೇಳುವ ಮಾತಲ್ಲವೇ?

ಹೌದು, ಹೇಳುತ್ತಲೇ ಬಂದಿದ್ದಾರೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು 1900 ವರ್ಷಗಳ ಹಿಂದೆ ಇದೇ ಪ್ರಶ್ನೆಯ ಮೇಲೆ ಒಂದು ಸಂವಾದ ಬರೆದ: ಹಿಂದಿನ ಕಾಲದಲ್ಲಿ ಅಷ್ಟೊಂದು ವಾಗ್ಮಿಗಳಿದ್ದರು, ನಮ್ಮ ಕಾಲ ಯಾಕೆ ಬಂಜೆಯಾಯಿತು? ಅದರಲ್ಲಿ ಒಬ್ಬ ಶಿಕ್ಷಣ ಕೆಟ್ಟಿತು ಅನ್ನುತ್ತಾನೆ, ಅಪ್ಪ ಅಮ್ಮ ಮಕ್ಕಳನ್ನು ಸರಿಯಾಗಿ ಬೆಳೆಸುತ್ತಿಲ್ಲ ಅನ್ನುತ್ತಾನೆ. ಓದಿದಾಗ ನಮ್ಮ ನಿವೃತ್ತ ಮೇಷ್ಟ್ರುಗಳ ನೆನಪಾಗುತ್ತದೆ.

ಆದರೆ ಕೊನೆಯಲ್ಲಿ ಮಾತಾಡುವವನ ವಾದ ಬೇರೆ. ದೊಡ್ಡ ಮಾತು ಬೆಂಕಿಯ ಹಾಗೆ, ಅದಕ್ಕೆ ಸೌದೆ ಬೇಕು, ಗಾಳಿ ಬೇಕು. ಗಣರಾಜ್ಯದ ಗದ್ದಲದಲ್ಲಿ ಅದು ಉರಿಯುತ್ತಿತ್ತು, ಈಗ ಎಲ್ಲವನ್ನೂ ಒಬ್ಬ ಚಕ್ರವರ್ತಿ ತೀರ್ಮಾನಿಸುವಾಗ ಸೆನೆಟ್ಟಿನಲ್ಲಿ ಉದ್ದುದ್ದ ಭಾಷಣ ಯಾಕೆ ಬೇಕು ಅನ್ನುತ್ತಾನೆ. ಹೊಗಳುತ್ತಿದ್ದಾನೋ ಚುಚ್ಚುತ್ತಿದ್ದಾನೋ ಇವತ್ತಿಗೂ ವಿದ್ವಾಂಸರು ಜಗಳವಾಡುತ್ತಾರೆ. ನನಗೇನೋ ಚುಚ್ಚುತ್ತಿದ್ದಾನೆ ಅನ್ನಿಸುತ್ತದೆ. ಗೊಣಗಾಟ ಹಳೆಯದು ಅಂದ ಮಾತ್ರಕ್ಕೆ ಸುಳ್ಳಾಗಬೇಕಿಲ್ಲ. ಆ ರೋಮನ್ನನ ಕಾಲದಲ್ಲಿ ಅದು ನಿಜವೇ ಆಗಿತ್ತು.

ಶಾಂತವೇರಿ ಗೋಪಾಲಗೌಡರ ಹೆಸರು ಯಾವಾಗಲೂ ಯಾಕೆ ಬರುತ್ತದೆ?

ಗೌಡರು ನಮ್ಮ ಜಿಲ್ಲೆಯ ಸಮಾಜವಾದಿ ನಾಯಕರು. ನಾವು ಈ ವಿಷಯದಲ್ಲಿ ಸ್ವಲ್ಪ ಪಕ್ಷಪಾತಿಗಳು, ಒಪ್ಪಿಕೊಳ್ಳುತ್ತೇನೆ. ನಾನು ಅವರ ಭಾಷಣ ಕೇಳಿದವನಲ್ಲ. 1972ರಲ್ಲಿ, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಕೇಳಿದವರ ಮಾತನ್ನು ಬೇಕಾದಷ್ಟು ಕೇಳಿದ್ದೇನೆ.

ಅವರು ಯಾರ ಮುಂದೆ ಮಾತಾಡುತ್ತಿದ್ದರು ಅನ್ನುವುದನ್ನು ನೋಡಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಹುಟ್ಟಿದ್ದು ಕೊಳಗದಿಂದ, ಅಂದರೆ ಭತ್ತ ಅಳೆಯುವ ಪಾತ್ರೆಯಿಂದ: ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಸಮಾಜವಾದಿಗಳು ಜೊತೆಯಾದರು, ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ದಸ್ತಗಿರಿಯಾದರು. ಆ ದಿನಗಳಲ್ಲಿ ಒಂದು ಸಭೆಗೆ ಬಂದು ಕೂತ ಗೇಣಿದಾರನ ತಲೆಯಲ್ಲಿ ಏನಿತ್ತು? ನಾಳೆ ಬೆಳಗ್ಗೆ ಗದ್ದೆಗೆ ನೇಗಿಲು ಇಳಿಸಿದರೆ ಪೊಲೀಸರು ಬರುತ್ತಾರೆ. ಇಳಿಸದಿದ್ದರೆ ಗದ್ದೆ ಹೋಗುತ್ತದೆ. ಮನೆಯಲ್ಲಿ ಹೆಂಡತಿ ‘ನಿಂಗ್ಯಾಕೆ ಊರ ಉಸಾಬರಿ’ ಅಂದು ಕಳಿಸಿದ್ದಾಳೆ. ಅವನು ಚಪ್ಪಾಳೆ ತಟ್ಟಲು ಬಂದವನಲ್ಲ, ತನ್ನ ನಾಳೆಯನ್ನು ತೂಗಿ ನೋಡಲು ಬಂದವನು. ಅವನ ಮುಂದೆ ಸುಳ್ಳು ಉತ್ಸಾಹ ನಡೆಯುವುದಿಲ್ಲ, ಅರ್ಥವಾಗದ ಕನ್ನಡವೂ ನಡೆಯುವುದಿಲ್ಲ.

1952ರಲ್ಲಿ ಗೌಡರು ಆ ಕಡೆಯಿಂದಲೇ ವಿಧಾನಸಭೆಗೆ ಗೆದ್ದರು. ‘ಒಂದು ಓಟು, ಒಂದು ನೋಟು’ ಅಂತ ಜನರಿಂದಲೇ ದುಡ್ಡೆತ್ತಿ ಚುನಾವಣೆ ಮಾಡಿದ ಕಥೆ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಮುಂದೆ 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ‘ಉಳುವವನೇ ಹೊಲದೊಡೆಯ’ ಅನ್ನುವುದು ಕಾನೂನಾಗಿ ಜಾರಿಗೆ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಗೌಡರು ಆಗ ಇರಲಿಲ್ಲ.

ಈಗಿನ ಯಾವ ವಾಗ್ಮಿಯನ್ನಾದರೂ ಆ ಗೇಣಿದಾರನ ಮುಂದೆ ನಿಲ್ಲಿಸಿ ನೋಡಬೇಕು. ಇವನೂ ಸುಧಾರಿಸಿಯಾನು.

ಒಂದು ಭಾಷಣದಿಂದ ನಿಜವಾಗಿ ಏನಾದರೂ ಆದ ಉದಾಹರಣೆ ಕನ್ನಡದಲ್ಲಿ ಇದೆಯೇ?

ಇದೆ. ಒಂದೇ ಶಬ್ದದಿಂದ ಆಗಿದೆ. 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ, ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದು ಆಗಷ್ಟೇ ಮೂರು ವಾರವಾಗಿತ್ತು, ಕನ್ನಡದ ಅಭಿಮಾನ ಉಕ್ಕುತ್ತಿದ್ದ ಹೊತ್ತು. ಗಲಾಟೆ, ಮುಷ್ಕರ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಎಲ್ಲ ಆಯಿತು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ಅಲ್ಲಿಗೆ ಮುಗಿದಿದ್ದರೆ ಅದು ಬಾಯಿ ಜಾರಿದ ಕಥೆಯಾಗುತ್ತಿತ್ತು. ಆದರೆ ಆ ಏಟು ತಿಂದ ಹುಡುಗರಿಂದಲೇ ದಲಿತ ಚಳವಳಿ ಎದ್ದಿತು, ಬೂಸಾ ಅಲ್ಲದ ಸಾಹಿತ್ಯವೂ ಬಂತು. ಭಾಷಣದ ಯಶಸ್ಸನ್ನು ಚಪ್ಪಾಳೆಯಲ್ಲಿ ಅಳೆಯುವವರಿಗೆ ಇದು ಅರ್ಥವಾಗುವುದಿಲ್ಲ. ಆ ದಿನ ಅಲ್ಲಿದ್ದವರಲ್ಲಿ ಅವರ ಮಾತು ರುಚಿಸಿದವರಿಗಿಂತ ಕುದಿದವರೇ ಹೆಚ್ಚಿದ್ದಿರಬೇಕು. ಇವತ್ತು ಸಚಿವರೊಬ್ಬರು ಅಂಥ ಮಾತಾಡಿದರೆ ರಾತ್ರಿ ಹತ್ತರೊಳಗೆ ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಅಂತ ಪತ್ರಿಕಾ ಪ್ರಕಟಣೆ ಬರುತ್ತದೆ, ಮಾರನೇ ದಿನ ಇನ್ನೊಂದು ಶಬ್ದದ ಜಗಳ ಶುರು.

ಸದನದ ಚರ್ಚೆ ಯಾಕೆ ಹೀಗಾಯಿತು?

ಮೂರು ಕಾರಣ ಹೇಳುತ್ತೇನೆ, ನಡುವಿನದೇ ದೊಡ್ಡದು.

ಒಂದು, ಸದನ ಸೇರುವುದೇ ಕಡಿಮೆ. ಮೊದಲ ಲೋಕಸಭೆ ವರ್ಷಕ್ಕೆ ಸರಾಸರಿ 135 ದಿನ ಸೇರಿತ್ತು. 2019ರಿಂದ 2024ರವರೆಗಿನ ಹದಿನೇಳನೆಯದು ಸೇರಿದ್ದು ಸರಾಸರಿ 55 ದಿನ. ನಮ್ಮ ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ 2005ರಲ್ಲಿ ನಾವೇ ಕಾನೂನು ಮಾಡಿಕೊಂಡೆವು. ಕಾನೂನು ಮಾಡುವ ಜಾಗದಲ್ಲೇ ಆ ಕಾನೂನಿಗೆ ಸಿಗುವ ಮರ್ಯಾದೆಯನ್ನು ನೋಡಿದ್ದೀರಿ.

ಎರಡು, 1985ರ ಪಕ್ಷಾಂತರ ನಿಷೇಧ ಕಾಯ್ದೆ. ಅದು ಬಂದದ್ದು ಒಳ್ಳೆಯ ಉದ್ದೇಶಕ್ಕೆ. ಶಾಸಕರು ಬೆಳಗ್ಗೆ ಒಂದು ಪಕ್ಷ, ಸಂಜೆ ಒಂದು ಪಕ್ಷ ಅಂತ ತಿರುಗುತ್ತಿದ್ದರು. ಆದರೆ ವಿಪ್ ಮೀರಿ ಓಟು ಹಾಕಿದರೆ ಸ್ಥಾನವೇ ಹೋಗುತ್ತದೆ ಅಂದಮೇಲೆ ಎದುರು ಪಕ್ಷದವನ ಮಾತು ಎಷ್ಟೇ ಹಿಡಿಸಿದರೂ ಪ್ರಯೋಜನವಿಲ್ಲ. ಸದನದಲ್ಲಿ ಮನವೊಲಿಸಬಹುದಾದ ಒಬ್ಬ ಮನುಷ್ಯನೂ ಉಳಿಯಲಿಲ್ಲ. ಪಕ್ಷಾಂತರವಾದರೂ ನಿಂತಿತೇ ಅಂದರೆ, 2019ರ ಜುಲೈ ನೆನಪಿಸಿಕೊಳ್ಳಿ. ಕುಮಾರಸ್ವಾಮಿಯವರ ಸರಕಾರದ ವಿಶ್ವಾಸಮತದ ಮೇಲೆ 18ರಿಂದ 23ರವರೆಗೆ, ನಡುವೆ ಶನಿವಾರ ಭಾನುವಾರ ಬಿಟ್ಟು, ನಾಲ್ಕು ದಿನ ಚರ್ಚೆ. ಸಂವಿಧಾನ, ಧರ್ಮ, ಮಹಾಭಾರತ ಎಲ್ಲ ಬಂದು ಹೋದವು. ಅಷ್ಟು ಹೊತ್ತೂ ಸರಕಾರದ ಹಣೆಬರಹ ಬರೆಯುತ್ತಿದ್ದ, ರಾಜೀನಾಮೆ ಕೊಟ್ಟ ಶಾಸಕರು ಮುಂಬೈಯ ಹೋಟೆಲಿನಲ್ಲಿದ್ದರು. ಕೊನೆಗೆ ಸರಕಾರದ ಪರ 99, ವಿರುದ್ಧ 105 ಓಟು. ಆ ನಾಲ್ಕು ದಿನದ ಯಾವ ಭಾಷಣದಿಂದಲೂ ಒಂದು ಓಟು ಅತ್ತಿತ್ತ ಆಗಲಿಲ್ಲ, ಆಗುವ ಹಾಗೂ ಇರಲಿಲ್ಲ. ನಾನು ನಿವೃತ್ತನಾಗಿ ಟಿವಿ ಮುಂದೆ ಕೂತಿದ್ದೆ. ಎರಡನೇ ದಿನ ಎದ್ದು ಹೋಗಿ ತೋಟಕ್ಕೆ ನೀರು ಬಿಟ್ಟೆ.

ಮೂರು, ಕ್ಯಾಮೆರಾ. ಅದಕ್ಕೆ ಮುಂದೆ ಬರುತ್ತೇನೆ.

ವಾಜಪೇಯಿಯವರ 1996ರ ಭಾಷಣ ಇದಕ್ಕೆ ಅಪವಾದವಲ್ಲವೇ?

ಒಳ್ಳೆಯ ಪ್ರಶ್ನೆ. 13 ದಿನದ ಸರಕಾರ, ಬಹುಮತ ಇಲ್ಲ ಅಂತ ಎಲ್ಲರಿಗೂ ಗೊತ್ತು, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ. ಸದನದೊಳಗೆ ಆ ಭಾಷಣ ಯಾರನ್ನೂ ಒಲಿಸಲಿಲ್ಲ. ಆದರೆ ದೂರದರ್ಶನದಲ್ಲಿ ನೇರ ಪ್ರಸಾರವಾಗುತ್ತಿತ್ತು. ಅವರ ನಿಜವಾದ ಕೇಳುಗರು ಮನೆಗಳಲ್ಲಿದ್ದರು, ಅವರಲ್ಲಿ ಬಹಳ ಜನ ಇನ್ನೂ ತೀರ್ಮಾನ ಮಾಡಿರಲಿಲ್ಲ. ಅಪವಾದ ಅಂತ ತಂದ ಉದಾಹರಣೆ ನನ್ನ ಕಡೆಗೇ ವಾಲಿತು ನೋಡಿ.

ಮೈಕು, ಟಿವಿ, ಮೊಬೈಲು ಇವೆಲ್ಲ ಭಾಷಣವನ್ನು ಕೆಡಿಸಿದವೇ?

ಮೈಕು ಕೆಡಿಸಲಿಲ್ಲ. ಅದು ಬರುವ ಮುಂಚೆ ಗಂಟಲು ದೊಡ್ಡದಿದ್ದವನೇ ನಾಯಕ. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೊದಲ್ಲಿ ಧ್ವನಿವರ್ಧಕದ ಮೂಲಕ ಭಾರಿ ಜನಸ್ತೋಮವನ್ನು ಉದ್ದೇಶಿಸಿ ಮಾತಾಡಿದ ಮೇಲೆ ಸಣ್ಣ ದನಿಯವರಿಗೂ ವೇದಿಕೆ ಸಿಕ್ಕಿತು. ರೇಡಿಯೊ ಇನ್ನೂ ಮುಂದೆ ಹೋಯಿತು. 1933ರ ಮಾರ್ಚಿನಲ್ಲಿ ಅಮೆರಿಕದ ಬ್ಯಾಂಕುಗಳು ಬಾಗಿಲು ಹಾಕಿದ್ದಾಗ ರೂಸ್‌ವೆಲ್ಟ್ ರೇಡಿಯೊದಲ್ಲಿ, ಜಗಲಿಯಲ್ಲಿ ಕೂತು ಹೇಳುವವರ ಹಾಗೆ, ಬ್ಯಾಂಕು ಹೇಗೆ ನಡೆಯುತ್ತದೆ ಅಂತ ವಿವರಿಸಿದರು. ಬಾಗಿಲು ತೆರೆದಾಗ ಜನ ಹಣ ವಾಪಸು ತಂದು ಕಟ್ಟಿದರು. ಆ ಹೊತ್ತಿಗೆ ಪ್ರತಿಯೊಬ್ಬ ಕೇಳುಗನ ಕೈಯಲ್ಲೂ ಒಂದು ತೀರ್ಮಾನ ಬಾಕಿ ಇತ್ತು: ನಾಳೆ ದುಡ್ಡು ತೆಗೆಯಲೋ, ಬಿಡಲೋ?

ಮೊಬೈಲಿನ ವಿಷಯ ಬೇರೆ. ನಲವತ್ತು ನಿಮಿಷದ ಭಾಷಣದಿಂದ ನಲವತ್ತು ಸೆಕೆಂಡು ಕತ್ತರಿಸಿ ಹಂಚುತ್ತಾರೆ ಅನ್ನುವುದು ಭಾಷಣಕಾರನಿಗೆ ಗೊತ್ತು. ಹಾಗಾಗಿ ಅವನು ನಲವತ್ತು ಸೆಕೆಂಡಿಗೇ ಮಾತಾಡುತ್ತಾನೆ, ಉಳಿದದ್ದು ಪ್ಯಾಕಿಂಗು. ಹಳೆಯ ಭಾಷಣಕ್ಕೆ ಹತ್ತುವ ದಾರಿ ಇತ್ತು: ಮೊದಲು ಊರಿನ ಸುದ್ದಿ, ಆಮೇಲೆ ಒಂದು ಕಥೆ, ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳುವುದು, ಆಮೇಲೆ ಅದನ್ನು ಬಿಚ್ಚುವುದು. ಈ ಮೂರನೆಯ ಹೆಜ್ಜೆ ಈಗ ಯಾರೂ ಇಡುವುದಿಲ್ಲ. ಎದುರಾಳಿಯ ವಾದ ಹೇಳುವಷ್ಟನ್ನೇ ಕತ್ತರಿಸಿ ಹಾಕಿದರೆ ಕಥೆ ಮುಗಿಯಿತು. ಭಯ ಸುಳ್ಳಲ್ಲ, ಹಾಗೆ ಆದದ್ದನ್ನು ನೋಡಿದ್ದೇನೆ.

ನಮ್ಮ ವರದಿಗಾರಿಕೆಯಲ್ಲೂ ಇದು ಕಾಣಿಸಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಭೆಗೆ ನೋಟ್‌ಬುಕ್ಕಿನ ಎಂಟು ಹತ್ತು ಪುಟ ತುಂಬುತ್ತಿತ್ತು. ಕೊನೆಗೊನೆಗೆ ನಾಯಕರು ವೇದಿಕೆ ಹತ್ತುವ ಮೊದಲೇ ಪ್ರೆಸ್ ನೋಟ್ ವಾಟ್ಸ್‌ಆ್ಯಪಿಗೆ ಬಂದುಬಿಡುತ್ತಿತ್ತು, ‘ಎಂದು ಗುಡುಗಿದರು’ ಎಂಬ ಸಾಲು ಸಮೇತ. ಗುಡುಗುವ ಮೊದಲೇ! ಒಮ್ಮೆ ಮಳೆ ಬಂದು ಸಭೆಯೇ ರದ್ದಾಯಿತು. ಮರುದಿನ ಒಂದೆರಡು ಕಡೆ ಗುಡುಗಿದ್ದು ಅಚ್ಚಾಗಿತ್ತು.

ಇನ್ನೊಂದು ಸಣ್ಣ ಸಂಗತಿ. 2000ರ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ ಹತ್ತಕ್ಕೆ ಮೈಕು ಬಂದ್. ಅದಕ್ಕೆ ಮುಂಚೆ ಚುನಾವಣಾ ಸಭೆ ಮಧ್ಯರಾತ್ರಿ ದಾಟಿದ್ದುಂಟು, ಗದ್ದೆ ಕೆಲಸ ಮುಗಿಸಿ ಉಂಡು ಬಂದವರು ಕಂಬಳಿ ಹೊದ್ದು ಕೇಳುತ್ತಿದ್ದರು. ನಿಯಮ ಸರಿಯೇ. ಆಸ್ಪತ್ರೆ ಪಕ್ಕದಲ್ಲಿ ಮನೆ ಇದ್ದವರನ್ನು ಕೇಳಿ. ಆದರೂ ಕಂಬಳಿ ಹೊದ್ದ ಆ ಕೇಳುಗ ಹಗಲಿನ ಸಮಾವೇಶಕ್ಕೆ ಬರಲಿಲ್ಲ.

ದೆಹಲಿಯ ನಾಯಕರ ಭಾಷಣ ನಮ್ಮಲ್ಲಿ ಯಾಕೆ ಸಪ್ಪೆ ಅನ್ನಿಸುತ್ತದೆ?

ಪಕ್ಕದಲ್ಲಿ ನಿಂತ ಅನುವಾದಕನ ಪಾಡು ನೋಡಿದ್ದೀರಾ? ನಾಯಕರು ಹಿಂದಿಯಲ್ಲಿ ಒಂದು ವಾಕ್ಯ ಎತ್ತಿ, ಏರಿಸಿ, ಕೊನೆಯ ಕ್ರಿಯಾಪದಕ್ಕೆ ತಂದು ಬಿಡುತ್ತಾರೆ. ಹಿಂದಿ ಬಲ್ಲವರು ಅಲ್ಲಿ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಮೇಲೆ ಅನುವಾದಕ ಕನ್ನಡ ಶುರು ಮಾಡಬೇಕು, ಅದು ಮುಗಿದಾಗ ಎರಡನೇ ಚಪ್ಪಾಳೆ, ಸ್ವಲ್ಪ ತೆಳುವಾಗಿ. ಅಷ್ಟರಲ್ಲಿ ನಾಯಕರಿಗೆ ತಾಳ ತಪ್ಪಿರುತ್ತದೆ. ಅನುವಾದಕ ಸಾಮಾನ್ಯವಾಗಿ ಸ್ಥಳೀಯ ಧುರೀಣ, ಅವನಿಗೂ ಟಿಕೆಟ್ಟಿನ ಆಸೆ. ಹಾಗಾಗಿ ನಾಯಕರು ಹೇಳಿದ್ದಕ್ಕಿಂತ ಜೋರಾಗಿ ಹೇಳುತ್ತಾನೆ, ಕೆಲವೊಮ್ಮೆ ಹೇಳದ್ದನ್ನೂ ಹೇಳುತ್ತಾನೆ.

ಇಬ್ಬರು ಓಡುವ ಮೂರು ಕಾಲಿನ ಓಟ ಅದು. ಓಟಗಾರನನ್ನು ಬೈದು ಫಲವಿಲ್ಲ.

ಕನ್ನಡದಲ್ಲಿ ಮಾತಾಡುವುದಕ್ಕೇ ಹೋರಾಡಬೇಕಿತ್ತು ಎನ್ನುತ್ತಾರಲ್ಲ?

ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಕನ್ನಡದಲ್ಲಿ ಮಾತಾಡಿದರು, ಅಲ್ಲಿ ಹಾಗೆ ಮಾತಾಡಿದವರಲ್ಲಿ ಅವರೇ ಮೊದಲಿಗರು. ಆಗ ಸ್ಪೀಕರ್ ಆಗಿದ್ದ ನೀಲಂ ಸಂಜೀವರೆಡ್ಡಿಯವರು ಅವಕಾಶ ಕೊಟ್ಟರು. ಸದನದಲ್ಲಿ ಬಹುಪಾಲು ಜನರಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಕೆಲವು ಭಾಷಣಗಳಲ್ಲಿ ಏನು ಹೇಳಿದರು ಅನ್ನುವುದಕ್ಕಿಂತ ಯಾವ ಭಾಷೆಯಲ್ಲಿ ಬಾಯಿ ತೆರೆದರು ಅನ್ನುವುದೇ ಮಾತಾಗುತ್ತದೆ.

ಅದಕ್ಕಿಂತ ಮುಂಚೆ ಸಂವಿಧಾನ ಸಭೆಯಲ್ಲಿ ಕೆಂಗಲ್ ಹನುಮಂತಯ್ಯನವರು ಒಂದು ಮಾತು ಹೇಳಿದ್ದರು, ಇಂಗ್ಲಿಷಿನಲ್ಲೇ: ನಮಗೆ ವೀಣೆಯ, ಸಿತಾರಿನ ನಾದ ಬೇಕಿತ್ತು, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ. 1949ರ ನವೆಂಬರ್. ಸಂವಿಧಾನದ ಕರಡಿನ ಬಗ್ಗೆ ಆ ಟೀಕೆಯನ್ನು ನೀವು ಒಪ್ಪಬೇಕಿಲ್ಲ, ನಾನೂ ಪೂರ್ತಿ ಒಪ್ಪುವುದಿಲ್ಲ. ಆದರೆ ಇಷ್ಟು ವರ್ಷವಾದರೂ ಆ ಸಾಲನ್ನು ಜನ ಮರೆತಿಲ್ಲ. ಮೈಸೂರಿನವರಿಗೆ ವೀಣೆಯೂ ಗೊತ್ತು, ಅರಮನೆ ಬ್ಯಾಂಡೂ ಗೊತ್ತು. ಉಪಮೆ ಮನೆಯೊಳಗಿಂದ ಬಂದದ್ದು.

ನೆಹರೂ ಅವರ ಮಧ್ಯರಾತ್ರಿಯ ಭಾಷಣ ಇಡೀ ದೇಶವನ್ನು ಎಬ್ಬಿಸಿತು ಅಲ್ಲವೇ?

ಇಂಗ್ಲಿಷಿನಲ್ಲಿತ್ತು. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರೇ ನೂರಕ್ಕೆ 18 ಚಿಲ್ಲರೆ. ಸ್ವಾತಂತ್ರ್ಯ ಬಂದಾಗ ದೇಶದ ಪಾಲಿಗೆ ಇದ್ದದ್ದು ಆಲ್ ಇಂಡಿಯಾ ರೇಡಿಯೊದ ಆರು ನಿಲ್ದಾಣ.  ಆ ರಾತ್ರಿ ಆ ಮಾತು ಕೇಳಿ ಅರ್ಥ ಮಾಡಿಕೊಂಡವರು ಬೆರಳೆಣಿಕೆಯ ಜನ. ನಮ್ಮ ಎದೆಯಲ್ಲಿರುವುದು ಆಮೇಲೆ ಪಠ್ಯಪುಸ್ತಕದಲ್ಲಿ ಓದಿ, ಧ್ವನಿಮುದ್ರಣ ಕೇಳಿ ಉಳಿದದ್ದು.

ಹಳೆಯ ಭಾಷಣಗಳ ವಿಷಯದಲ್ಲಿ ಇದೊಂದು ಮೋಸ ಇದೆ: ಕಾಲ ಜರಡಿ ಹಿಡಿದು ಒಳ್ಳೆಯದನ್ನಷ್ಟೇ ಉಳಿಸುತ್ತದೆ. 1863ರಲ್ಲಿ ಗೆಟ್ಟಿಸ್‌ಬರ್ಗಿನಲ್ಲಿ ಲಿಂಕನ್ ಮಾತಾಡಿದ್ದು ಎರಡು ಮೂರು ನಿಮಿಷ. ಅದಕ್ಕೆ ಮೊದಲು ಅಂದಿನ ಪ್ರಸಿದ್ಧ ವಾಗ್ಮಿ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ್ದರು, ಮುಖ್ಯ ಭಾಷಣಕಾರ ಅವರೇ. ಅವರ ಒಂದು ವಾಕ್ಯ ಹೇಳಿ ನೋಡೋಣ.

ಗಾಂಧೀಜಿ ಒಳ್ಳೆಯ ಭಾಷಣಕಾರರೇ?

ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನವೂ ಬರುತ್ತಿರಲಿಲ್ಲ. ಸಣ್ಣ ದನಿ, ಕೈ ಬೀಸುವುದಿಲ್ಲ, ಏರಿಳಿತವಿಲ್ಲ. ಲಂಡನ್ನಿನಲ್ಲಿ ಓದುವಾಗ ಬರೆದುಕೊಂಡು ಹೋದದ್ದನ್ನೂ ಓದಲಾಗದೆ ನಿಂತದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆದರೆ 1942ರ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ‘ಮಾಡು ಇಲ್ಲವೇ ಮಡಿ’ ಅಂದಾಗ, ಆ ಮನುಷ್ಯ ಜೈಲಿಗೆ ಹೋಗಲೂ ಸಿದ್ಧ ಅಂತ ಎಲ್ಲರಿಗೂ ಗೊತ್ತಿತ್ತು. ಬೆಳಗಾಗುವುದರೊಳಗೆ ದಸ್ತಗಿರಿ ಆಯಿತು.

ಮಾತಿನ ಹಿಂದೆ ಅಡವಿಟ್ಟದ್ದು ಏನು ಅನ್ನುವುದನ್ನು ಕೇಳುಗರು ಲೆಕ್ಕ ಹಾಕುತ್ತಾರೆ. ಈಗಿನವರು ಏನನ್ನೂ ಅಡವಿಡುತ್ತಿಲ್ಲ ಅನ್ನಲಾರೆ. ಇಡುವವರು ಕಡಿಮೆ.

ತಮಿಳುನಾಡಿನಲ್ಲಿ ಭಾಷಣವೇ ರಾಜಕೀಯ. ನಮ್ಮಲ್ಲಿ ಯಾಕಿಲ್ಲ?

ಅಣ್ಣಾದೊರೈ ಮತ್ತು ಅವರ ಬಳಗ ಪ್ರಾಸ ತುಂಬಿದ ಗ್ರಾಂಥಿಕ ತಮಿಳನ್ನು ವೇದಿಕೆಗೆ ತಂದರು. ನಾಟಕ, ಸಿನಿಮಾ, ಭಾಷಣ ಮೂರೂ ಒಂದೇ ಕುಲುಮೆಯಲ್ಲಿ ಕಾದವು. ನಮ್ಮ ರಾಜಕಾರಣಿಗಳು ಗ್ರಾಂಥಿಕ ಕನ್ನಡ ಬಳಸಿದರೆ ಜನ ನಗುತ್ತಾರೆ. ನಮ್ಮ ಹಿರಿಮೆ ಆಡುಮಾತಿನಲ್ಲಿದೆ, ಗಾದೆಯಲ್ಲಿದೆ, ಪಕ್ಕದವನ ಕಾಲೆಳೆಯುವುದರಲ್ಲಿದೆ. ಇದನ್ನು ಕೊರತೆ ಅಂತ ನಾನು ತಿಳಿಯುವುದಿಲ್ಲ.

ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿ ಈ ಜಾಡಿನ ದೊಡ್ಡವರು. ಕಾನೂನಿನ ಪ್ರೊಫೆಸರ್, ಯುರೋಪು ನೋಡಿದವರು. ಹಸಿರು ಶಾಲು ಹೊದ್ದು ನಿಂತರೆ ವ್ಯಂಗ್ಯವೇ ಆಯುಧ. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಎಂಬತ್ತರ ದಶಕದಲ್ಲಿ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಎದ್ದವಲ್ಲ, ಅದು ಮೈಕಿಲ್ಲದ ಭಾಷಣ. ಸಾಲ ವಸೂಲಿಗೆ ಜೀಪಿನಲ್ಲಿ ಬಂದವರು ಓದಿಕೊಂಡು ಯೋಚಿಸಬೇಕಾಗುತ್ತಿತ್ತು.

ತಾಳಮದ್ದಳೆಯ ಅರ್ಥಗಾರಿಕೆಯಿಂದ ಕಲಿಯುವುದಿದೆಯೇ?

ಇದೆ, ಮತ್ತು ನನ್ನ ಮೇಲಿನ ವಾದಕ್ಕೆ ಇಲ್ಲಿ ಸ್ವಲ್ಪ ಪೆಟ್ಟೂ ಇದೆ. ತಾಳಮದ್ದಳೆ ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ, ಅದರಲ್ಲಿ ಪಾತ್ರವಾಗಿ ಮಾತಾಡುವವನು ಅರ್ಥಧಾರಿ. ವಾಲಿವಧೆಯ ಪ್ರಸಂಗದಲ್ಲಿ ಕೊನೆ ಏನು ಅಂತ ಮಗುವಿಗೂ ಗೊತ್ತು. ವಾಲಿ ಸಾಯುತ್ತಾನೆ. ಯಾವ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಲಿ, ಬದುಕುವುದಿಲ್ಲ. ಹಾಗಿದ್ದೂ ಬೆಳಗಿನ ಜಾವದವರೆಗೆ ಜನ ಕೂರುತ್ತಾರೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ಕೇಳಿದಾಗ ರಾಮ ಇವತ್ತು ಏನು ಹೇಳಬಹುದು ಅನ್ನುವುದಕ್ಕಾಗಿ ಕೂರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯೋ ರಾವಣನೋ ಆಗಿ ಕೂತರೆ ಎದುರು ಪಾತ್ರಧಾರಿ ಮೈಯೆಲ್ಲ ಕಿವಿಯಾಗಿರಬೇಕಿತ್ತು. ಬರೆದುಕೊಂಡು ಬರುವ ಹಾಗಿಲ್ಲ, ಅವರು ಎತ್ತುವ ಪ್ರಶ್ನೆ ಯಾವುದೆಂದು ಗೊತ್ತಿಲ್ಲ.

ಅಂದರೆ ಫಲಿತಾಂಶ ಮೊದಲೇ ನಿಗದಿಯಾಗಿದ್ದರೂ ಮಾತು ಜೀವಂತವಾಗಿರಬಹುದು. ವಿಪ್ ಇದೆ ಅನ್ನುವುದು ಪೂರ್ತಿ ನೆಪವಾಗದು. ನಮ್ಮ ಸದನದಲ್ಲಿ ವಾಲಿ ಪ್ರಶ್ನೆ ಕೇಳುವಾಗ ರಾಮ ಸಭಾತ್ಯಾಗ ಮಾಡಿರುತ್ತಾನೆ.

ಹೆಂಗಸರ ಹೆಸರು ಈ ಪಟ್ಟಿಯಲ್ಲಿ ಯಾಕೆ ಬರುವುದಿಲ್ಲ?

ಪಟ್ಟಿ ಮಾಡುವವರು ಗಂಡಸರು ಅನ್ನುವುದು ಮೊದಲ ಉತ್ತರ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲೇ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪದರಲ್ಲಿ ಸೋತರು. ಹೆಂಗಸರು ಚುನಾವಣೆಗೆ ನಿಲ್ಲುವುದೇ ಹೊಸದಾಗಿದ್ದಾಗ ಬೀದಿ ಬೀದಿಯಲ್ಲಿ ಮಾತಾಡಿದವರು. ವೇದಿಕೆಯಲ್ಲಿ ಗಂಡಸು ಕೂಗಿದರೆ ಗುಡುಗು, ಹೆಂಗಸು ಕೂಗಿದರೆ ಕಿರುಚಾಟ ಅಂತ ಬರೆದವರಲ್ಲಿ ನಮ್ಮ ಪೈಕಿಯವರೂ ಇದ್ದಾರೆ. ನಾನು ಬರೆದಿಲ್ಲ ಅಂತ ಪ್ರಮಾಣ ಮಾಡಲಾರೆ.

ಭಾಷಣಕ್ಕೆ ಜನ ಮರುಳಾಗುವುದು ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ?

ಈ ಪ್ರಶ್ನೆ ಕೇಳಿದವಳು ಒಬ್ಬ ಬಿ.ಎಸ್ಸಿ. ಹುಡುಗಿ. ಸುಮ್ಮನಾಗಿಬಿಟ್ಟೆ. ಕಳೆದ ಶತಮಾನದ ಅತಿ ಪರಿಣಾಮಕಾರಿ ಭಾಷಣಕಾರರ ಹೆಸರು ಹೇಳಿ ಅಂದರೆ ಹಿಟ್ಲರನ ಹೆಸರು ಬಿಡುವ ಹಾಗಿಲ್ಲ.

1949ರ ನವೆಂಬರ್ 25ರಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕಾರಣದಲ್ಲಿ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂದರು. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಅಸಮಾನತೆ ಎಂಬ ವೈರುಧ್ಯದೊಳಗೆ ನಾವು ಕಾಲಿಡುತ್ತಿದ್ದೇವೆ ಅಂದರು. ಆ ಭಾಷಣ ಓದಿ ನೋಡಿ. ತಾವೇ ಮುಂದೆ ನಿಂತು ಬರೆದ ಸಂವಿಧಾನವನ್ನು ಸ್ವೀಕರಿಸುವ ಹೊತ್ತಿನಲ್ಲಿ, ಎಲ್ಲರೂ ಹೊಗಳುತ್ತಿರುವಾಗ, ಇದು ಕೆಡಬಹುದು, ಹೀಗೆ ಕೆಡಬಹುದು ಅಂತ ಒಂದೊಂದಾಗಿ ಹೇಳುತ್ತಾರೆ. ಮರುಳು ಮಾಡುವ ಒಂದು ವಾಕ್ಯವಿಲ್ಲ. ನನ್ನ ಪಾಲಿಗೆ ಈ ದೇಶದ ಅತ್ಯುತ್ತಮ ರಾಜಕೀಯ ಭಾಷಣ ಅದು. ಅದೂ ಇಂಗ್ಲಿಷಿನಲ್ಲಿದೆ, ಏನು ಮಾಡೋಣ.

ಮನಸ್ಸು ಮಾಡದೆ ಬಂದವನನ್ನು ಯೋಚನೆಗೆ ಹಚ್ಚುವುದು ಒಂದು. ಮನಸ್ಸು ಮಾಡಿ ಬಂದವನನ್ನು ಉನ್ಮಾದಕ್ಕೆ ಏರಿಸುವುದು ಇನ್ನೊಂದು. ಎರಡನೆಯದು ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ಒಳ್ಳೆಯ ಭಾಷಣ ಈಗ ಎಲ್ಲಿ ಕೇಳಲು ಸಿಗುತ್ತದೆ?

ಗ್ರಾಮಸಭೆಗೆ ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಅರ್ಧಕ್ಕರ್ಧ ಗ್ರಾಮಸಭೆಗಳು ಪುಸ್ತಕದಲ್ಲಿ ಸಹಿ ಹಾಕಿಸಿ ಮುಗಿಯುತ್ತವೆ, ಗೊತ್ತು. ನಡೆಯುವ ಕಡೆ ಹೋಗಿ. ಒಮ್ಮೆ ಒಬ್ಬ ಹೆಂಗಸು ನಲ್ಲಿ ನೀರಿನ ಬಗ್ಗೆ ಎದ್ದು ನಿಂತರು. ಮೇಲಿನ ಕೇರಿಗೆ ಎಷ್ಟು ಹೊತ್ತು ನೀರು, ತಮ್ಮ ಕೇರಿಗೆ ಎಷ್ಟು ಹೊತ್ತು, ವಾಲ್ವು ಯಾರ ಮನೆ ಮುಂದೆ ಇದೆ, ಅದನ್ನು ತಿರುಗಿಸುವ ಕೀಲಿ ಯಾರ ಸೊಂಟದಲ್ಲಿದೆ ಅಂತ ಹೇಳಿದರು. ದನಿ ಎತ್ತಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪೆನ್ನು ತೆಗೆದರು. ಎದುರು ಕೂತಿದ್ದ ಮೇಲಿನ ಕೇರಿಯ ಯಜಮಾನರೊಬ್ಬರು ‘ಅದು ಸರಿ ಅಲ್ಲ ಬಿಡಿ’ ಅಂದುಬಿಟ್ಟರು, ತಮ್ಮ ಕೇರಿಯ ವಿರುದ್ಧವೇ. ಸದನದಲ್ಲಿ ನಾನು ಅಂಥದ್ದನ್ನು ಕಂಡಿಲ್ಲ.

ನಾನು ಭಾಷಣ ಕಲಿಯಬೇಕು. ಏನು ಮಾಡಲಿ?

ಭಾಷಣ ಸ್ಪರ್ಧೆಯ ಕನ್ನಡವನ್ನು ಬಿಟ್ಟುಬಿಡಿ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಅಂತ ಶುರು ಮಾಡಿದರೆ ಮೊದಲ ಎರಡು ನಿಮಿಷ ಹೆಸರಿನಲ್ಲೇ ಹೋಗುತ್ತದೆ, ಕೇಳುಗನೂ ಹೋಗುತ್ತಾನೆ. ಚರ್ಚಾ ಸ್ಪರ್ಧೆಯಲ್ಲಿ ನಿಮಗೆ ಒಪ್ಪಿಗೆ ಇಲ್ಲದ ಪಕ್ಷವನ್ನೇ ಕೇಳಿ ಪಡೆಯಿರಿ. ಸಂವಿಧಾನ ಸಭೆಯ ನಡಾವಳಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ದಿನಕ್ಕೆ ನಾಲ್ಕು ಪುಟ ಓದಿ. ಕೋಪ ಬಂದವನೂ ವಾಕ್ಯವನ್ನು ಹೇಗೆ ಪೂರ್ತಿ ಮಾಡುತ್ತಾನೆ ಅನ್ನುವುದು ಗೊತ್ತಾಗುತ್ತದೆ. ಮತ್ತೆ, ಮನೆಯಲ್ಲಿ ನಿಮ್ಮ ಮಾತಿಗೆ ಯಾವತ್ತೂ ಒಪ್ಪದ ಚಿಕ್ಕಪ್ಪನೋ ಅತ್ತೆಯೋ ಇದ್ದೇ ಇರುತ್ತಾರೆ. ಅವರ ಮುಂದೆ ಅಭ್ಯಾಸ ಮಾಡಿ.

ನಮ್ಮ ಕಾಲೇಜಿಗೆ ಬಂದು ಈ ವಿಷಯ ಮಾತಾಡುತ್ತೀರಾ?

ಬರುತ್ತೇನೆ. ಮೈಸೂರು ಪೇಟ, ಏಲಕ್ಕಿ ಹಾರ ಬೇಡ. ಬಸ್ ಚಾರ್ಜು ಸಾಕು. ನನಗೆ ಇಪ್ಪತ್ತು ನಿಮಿಷ ಕೊಡಿ, ಪ್ರಶ್ನೆಗೆ ನಲವತ್ತು ನಿಮಿಷ ಇಡಿ, ಹಾಜರಿ ಹಾಕುತ್ತೇವೆ ಅಂತ ಹೆದರಿಸಿ ಯಾರನ್ನೂ ಕೂರಿಸಬೇಡಿ.